ಬದುವಿನ ಸೊಪ್ಪಿನ ಮರಗಳು: ದುಂಬಿ ಯಾವುದನ್ನು ತಿನ್ನುತ್ತದೆ, ಯಾವುದನ್ನು ಬಿಡುತ್ತದೆ, ಏಕೆ?

ಪ್ರಶ್ನೆ: ಪಾಂಡವಪುರ ತಾಲ್ಲೂಕಿನಲ್ಲಿ ನಮ್ಮದು ಎರಡೂವರೆ ಎಕರೆ ಜಮೀನು. ಒಂದು ಎಕರೆ ಕಬ್ಬು, ಮುಕ್ಕಾಲು ಎಕರೆ ಹಿಪ್ಪುನೇರಳೆ, ಉಳಿದದ್ದರಲ್ಲಿ ಭತ್ತ. ಎರಡು ವರ್ಷದ ಹಿಂದೆ ಬದುವಿನ ಮೇಲೆ ಗೊಬ್ಬರದ ಗಿಡ (ಗ್ಲಿರಿಸಿಡಿಯಾ), ಅಗಸೆ, ಸುಬಾಬುಲ್ ಹಾಕಿದೆವು. ನಾಲ್ಕು ಬೇವಿನ ಗಿಡವೂ ಇವೆ. ಸೊಪ್ಪು ಕೊಯ್ದು ಗದ್ದೆಗೆ ತುಳಿಸುತ್ತೇವೆ, ಕುರಿಗೂ ಹಾಕುತ್ತೇವೆ. ಈ ಸಲ ಕೃತ್ತಿಕೆ ಮಳೆ ಜೋರಾಗಿ ಬಿದ್ದ ಮಾರನೆಯ ದಿನ ಎದ್ದು ನೋಡಿದರೆ ಬೇವಿನಲ್ಲಿ ಬರೀ ದಂಟು. ಒಂದೆರಡು ವಾರದಲ್ಲಿ ಅಗಸೆಯೂ ಬೋಳಾಯಿತು, ಸುಬಾಬುಲ್ ಎಲೆಯ ಅಂಚೆಲ್ಲ ಕಚ್ಚಿದ ಹಾಗಾಯಿತು. ಗೊಬ್ಬರದ ಗಿಡವನ್ನು ಮಾತ್ರ ಯಾವ ಹುಳವೂ ಮುಟ್ಟಲಿಲ್ಲ. ‘ಅದು ವಿಷದ ಸೊಪ್ಪು, ಹುಳ ಬರಲ್ಲ. ಬೇರೆಯದೆಲ್ಲ ಕಿತ್ತು ಅದನ್ನೇ ಹಾಕು, ಕಬ್ಬಿನ ಗೊಣ್ಣೆ ಹುಳುವೂ ಹೋಗುತ್ತೆ’ ಎನ್ನುತ್ತಾರೆ ಪಕ್ಕದ ಜಮೀನಿನವರು. ಅಂಗಡಿಯವರು ಔಷಧಿ ಹೊಡೆಯಿರಿ ಎನ್ನುತ್ತಾರೆ. ದುಂಬಿ ತಿನ್ನದ ತಳಿ ಎಂಬುದು ಇದೆಯೇ? ಏನು ಮಾಡಲಿ?

ಉತ್ತರ: ಮೊದಲು ನೇರ ಉತ್ತರ. ಅಗಸೆಯನ್ನೂ ಸುಬಾಬುಲನ್ನೂ ಕೀಳಬೇಡಿ. ಗೊಬ್ಬರದ ಗಿಡ ಹೆಚ್ಚಿಸಬಹುದು, ಆದರೆ ಇಡೀ ಬದುವಿಗೆ ಅದೊಂದನ್ನೇ ಹಾಕಬೇಡಿ. ಹಿಪ್ಪುನೇರಳೆ ಪಕ್ಕದಲ್ಲಿರುವಾಗ ಬದುವಿನ ಮರಗಳಿಗೆ ಔಷಧಿ ಹೊಡೆಯಲೇಬೇಡಿ. ನಿಮ್ಮ ಮುಖ್ಯ ಆತಂಕ ಈ ಮರಗಳೇ ಗೊಣ್ಣೆ ಹುಳುವನ್ನು, ಅಂದರೆ ಮಣ್ಣಿನಲ್ಲಿದ್ದು ಕಬ್ಬಿನ ಬೇರು ತಿನ್ನುವ ದುಂಬಿಯ ಮರಿಯನ್ನು, ಸಾಕುತ್ತಿವೆಯೇ ಎಂಬುದು. ಅದು ಅರ್ಧ ನಿಜ. ಆ ಅರ್ಧದಿಂದ ಲಾಭ ಪಡೆಯುವ ದಾರಿಯೂ ಇದೆ, ಮುಂದೆ ಹೇಳುತ್ತೇನೆ.

ನೀವು ಬರೆದ ಲಕ್ಷಣಗಳನ್ನು ನೋಡಿದರೆ ಮೂರು ಮರಗಳನ್ನು ತಿಂದದ್ದು ಒಂದೇ ಹುಳುವಲ್ಲ. ಮೂರಕ್ಕೂ ಬೇರೆ ಬೇರೆ ಹುಳು ಬಿದ್ದಿರಬೇಕು. ಮರ ಬದಲಿಸುವ ಮಾತು ಆಮೇಲೆ, ತಿನ್ನುತ್ತಿರುವುದು ಯಾವುದೆಂದು ಮೊದಲು ತಿಳಿಯಬೇಕು. ಅದಕ್ಕೆ ಹಗಲು ಒಂದು ಸಲ, ರಾತ್ರಿ ಒಂದು ಸಲ ಮರದ ಹತ್ತಿರ ಹೋಗಬೇಕು.

ಬೇವಿನದು ಸುಲಭ. ಜೋರು ಮಳೆಯ ಮಾರನೆಯ ಬೆಳಿಗ್ಗೆ ದಂಟು ಮಾತ್ರ ಉಳಿದಿದ್ದರೆ, ಹಗಲಲ್ಲಿ ಒಂದು ಹುಳುವೂ ಕಾಣದಿದ್ದರೆ, ಅದು ಗೊಣ್ಣೆ ಹುಳುವಿನ ತಾಯಿ ದುಂಬಿಯ ಕೆಲಸ. ನಮ್ಮ ಭಾಗದ ಕಬ್ಬಿಗೆ ಬೀಳುವ ಮುಖ್ಯ ಜಾತಿಯ ಹೆಸರು ಹೋಲೋಟ್ರೈಕಿಯಾ ಸೆರ್ರಾಟ. ಸುಮಾರು 2 ಸೆಂ.ಮೀ. ಉದ್ದದ ಕಂದು ದುಂಬಿ. ಬೇಸಿಗೆಯೆಲ್ಲ ಮಣ್ಣಿನಡಿ ಸುಮ್ಮನಿದ್ದು, ಭರಣಿ–ಕೃತ್ತಿಕೆಯ ಮೊದಲ ಹದ ಮಳೆಗೆ ಮಣ್ಣು ಮೆತ್ತಗಾದ ಕೂಡಲೇ ಸಂಜೆ ಕತ್ತಲಾಗುವ ಹೊತ್ತಿಗೆ ಹೊರಬರುತ್ತದೆ. ಹತ್ತಿರದ ಮರ ಹತ್ತಿ ಕೂಡುತ್ತದೆ, ರಾತ್ರಿಯೆಲ್ಲ ಎಲೆ ತಿನ್ನುತ್ತದೆ, ಬೆಳಕು ಹರಿಯುವ ಮುಂಚೆ ಮತ್ತೆ ಮಣ್ಣಿಗೆ ಇಳಿಯುತ್ತದೆ. ಏಳೂವರೆಯಿಂದ ಒಂಬತ್ತು ಗಂಟೆಯೊಳಗೆ ಟಾರ್ಚ್ ಹಿಡಿದು ಹೋದರೆ ಕೊಂಬೆ ಕೊಂಬೆಯಲ್ಲೂ ಕಾಣುತ್ತದೆ.

ಸುಬಾಬುಲ್ ಎಲೆಯ ಅಂಚನ್ನು ಅರ್ಧಚಂದ್ರಾಕಾರವಾಗಿ ಕಚ್ಚಿದ್ದರೆ ಅದು ಬೂದು ಮೂತಿ ಹುಳು. ಅಕ್ಕಿ ಕಾಳಿನಷ್ಟೇ ಉದ್ದ, ಮೈಯೆಲ್ಲ ಬೂದಿ ಬಳಿದ ಹಾಗೆ. ಕೈ ಚಾಚಿದರೆ ಕಾಲು ಮಡಚಿ ಸತ್ತಂತೆ ನೆಲಕ್ಕೆ ಬೀಳುತ್ತದೆ. ಇದು ಬದನೆ, ಹತ್ತಿ, ಮಾವು ಎಲ್ಲವನ್ನೂ ಕಚ್ಚಿ ನೋಡುವ ಹುಳು. ಇದರ ಮರಿ ಮಣ್ಣಿನಲ್ಲಿ ಬೇರು ತಿನ್ನುತ್ತದೆ. ಬೆಳೆದ ಮರಕ್ಕೆ ಇದರಿಂದ ಚಿಂತೆಯಿಲ್ಲ. ಬದುವಿನ ಪಕ್ಕ ಬದನೆ ಹಾಕುವವರು ಮಾತ್ರ ಎಚ್ಚರವಾಗಿರಬೇಕು.

ಅಗಸೆಯದು ಬಹುಶಃ ದುಂಬಿಯೇ ಅಲ್ಲ. ಎಲೆ ಒಂದೇ ರಾತ್ರಿಗೆ ಹೋಗದೆ ವಾರಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಹೋಗಿದೆ. ಎಲೆಯ ಬಣ್ಣದ್ದೇ ಸಣ್ಣ ಹಸಿರು ಕಂಬಳಿಹುಳು ದಂಟಿಗೆ ಅಂಟಿಕೊಂಡಿದೆಯೇ, ಸುತ್ತ ಹಳದಿ ಚಿಟ್ಟೆ ಹಾರಾಡುತ್ತಿವೆಯೇ ನೋಡಿ. ಆ ಚಿಟ್ಟೆಗೆ ಅಗಸೆ ಜಾತಿಯ ಸೊಪ್ಪೆಂದರೆ ಇಷ್ಟ. ಎಲೆಗಳ ನಡುವೆ ಜೇಡರ ನೂಲಿನಂಥ ಎಳೆ, ಕೆಳಗೆ ಕರಿ ಹಿಕ್ಕೆ ಇದ್ದರೂ ಕಂಬಳಿಹುಳುವೇ.

ಎಲೆಯಂಚನ್ನು ಕತ್ತರಿಯಿಂದ ಕತ್ತರಿಸಿದಂತೆ ನುಣುಪಾಗಿ, ಗುಂಡಗೆ ಕೊಯ್ದಿದ್ದರೆ ಅದು ಎಲೆ ಕತ್ತರಿಸುವ ಜೇನು, ಗೂಡಿಗೆ ಎಲೆ ಒಯ್ಯುತ್ತದೆ. ತೊಗರಿ ಹೂವಿನ ಪರಾಗಸ್ಪರ್ಶಕ್ಕೆ ಅದು ಬೇಕು, ಬಿಟ್ಟುಬಿಡಿ. ಅನುಮಾನವಿದ್ದರೆ ನಾಲ್ಕು ಹುಳು ಹಿಡಿದು ಸಣ್ಣ ಬಾಟಲಿಗೆ ಹಾಕಿ ಮಂಡ್ಯದ ವಿ.ಸಿ. ಫಾರ್ಮ್‌ನ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ನಂಜನಗೂಡು ಕಡೆಯವರಿಗೆ ಸುತ್ತೂರಿನ ಕೇಂದ್ರ ಹತ್ತಿರ. ಹುಳುವಿನ ಜೊತೆ ಅದು ತಿಂದ ಎಲೆಯೂ ಇರಲಿ, ಎಲೆ ನೋಡಿದರೆ ಅರ್ಧ ಗುರುತು ಸಿಕ್ಕಂತೆ.

ಕಹಿ ಎಲೆಗೆ ಹುಳ ಬರುವುದಿಲ್ಲವೇ?

‘ವಿಷದ ಸೊಪ್ಪು, ಹುಳ ಮುಟ್ಟಲ್ಲ’ ಎಂಬ ಮಾತಿಗೆ ನಿಮ್ಮ ಬದುವಿನ ಬೇವೇ ಉತ್ತರ ಕೊಟ್ಟಿದೆ. ಹುಳು ಓಡಿಸಲು ನಾವು ಬಳಸುವ ಮರವೇ ಅದು. ಆದರೂ ಗೊಣ್ಣೆ ಹುಳುವಿನ ದುಂಬಿ ಜಾಲಿ, ಎಲಚಿ ಜೊತೆಗೆ ಬೇವನ್ನೂ ಹುಡುಕಿಕೊಂಡು ಬಂದು ತಿನ್ನುತ್ತದೆ. ಹೊಂಗೆಯದೂ ಹೀಗೆಯೇ. ಅದರ ಹಿಂಡಿಯನ್ನು ಮಣ್ಣಿನ ಹುಳುವಿಗೆ ಹಾಕುತ್ತೇವೆ, ಆದರೆ ಹೊಂಗೆ ಎಲೆಯಷ್ಟು ಗಂಟು, ಗುಳ್ಳೆ, ಸುರಂಗ ಬಿದ್ದ ಎಲೆ ನಮ್ಮ ಕಡೆ ಬೇರೆ ಮರದಲ್ಲಿ ಸಿಗುವುದು ಕಷ್ಟ. ಬೀಜದಲ್ಲಿರುವ ಸಾರ ಎಲೆಯಲ್ಲೂ ಅಷ್ಟೇ ಇರಬೇಕೆಂದಿಲ್ಲ. ಇದ್ದರೂ ಎಲ್ಲ ಹುಳುವಿಗೂ ಅದು ವಿಷವಾಗಬೇಕೆಂದಿಲ್ಲ.

ದ್ವಿದಳ ಮರಗಳ ಎಲೆಯಲ್ಲಿ ಸಾರಜನಕ ಹೆಚ್ಚು. ಗದ್ದೆಗೆ ತುಳಿಸಲು ನಾವು ಅದನ್ನೇ ಆರಿಸುವುದೂ ಅದಕ್ಕೇ, ಕುರಿ ಆಸೆಪಡುವುದೂ ಅದಕ್ಕೇ, ಹುಳು ಬರುವುದೂ ಅದಕ್ಕೇ. ಎಲೆ ತಿನ್ನುವ ಹುಳುವಿಗೆ ಸಾಮಾನ್ಯವಾಗಿ ಕೊರತೆಯಾಗುವ ಆಹಾರಾಂಶವೇ ಸಾರಜನಕ. ಈ ಎಲೆಯನ್ನು ಉಳಿಸಿಕೊಳ್ಳಲು ಒಂದೊಂದು ಮರ ಒಂದೊಂದು ರಾಸಾಯನಿಕ ಇಟ್ಟುಕೊಂಡಿದೆ. ಗೊಬ್ಬರದ ಗಿಡದಲ್ಲಿ ಕೂಮರಿನ್, ಸೊಪ್ಪು ಬಾಡಿದಾಗ ಬರುವ ಘಾಟು ವಾಸನೆ ಅದರದು. ಮಧ್ಯ ಅಮೆರಿಕದಲ್ಲಿ ಈ ಗಿಡದ ತೊಗಟೆ, ಬೀಜಗಳನ್ನು ಇಲಿ ಪಾಷಾಣವಾಗಿ ಬಳಸುತ್ತಿದ್ದರು. ಸುಬಾಬುಲ್‌ನಲ್ಲಿ ಮಿಮೊಸಿನ್. ಅಗಸೆಯ ಜಾತಿಯಲ್ಲಿ ಕೆನವನಿನ್ ಎಂಬ ಅಮೈನೋ ಆಮ್ಲ. ಇದು ದೇಹಕ್ಕೆ ಬೇಕಾದ ಆರ್ಜಿನಿನ್‌ನಂತೆಯೇ ಕಾಣುವುದರಿಂದ ಹುಳುವಿನ ಶರೀರ ಮೋಸಹೋಗಿ ಅದನ್ನೇ ಸೇರಿಸಿ ಪ್ರೋಟೀನ್ ಕಟ್ಟುತ್ತದೆ, ಆ ಪ್ರೋಟೀನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಜಾಲಿ, ಕ್ಯಾಲಿಯಾಂಡ್ರದಂಥ ಮರಗಳಲ್ಲಿ ಟ್ಯಾನಿನ್, ಅಂದರೆ ಒಗರು.

ಇಷ್ಟೆಲ್ಲ ಇದ್ದೂ ಪ್ರತಿ ವಿಷಕ್ಕೂ ಒಗ್ಗಿಕೊಂಡ ಹುಳು ಎಲ್ಲೋ ಒಂದು ಕಡೆ ಇರುತ್ತದೆ. ಕೋಸ್ಟರಿಕಾದಲ್ಲಿ ಒಂದು ಬೀಜ ಕೊರೆಯುವ ದುಂಬಿ ಕೆನವನಿನ್ ತುಂಬಿದ ದ್ವಿದಳ ಬಳ್ಳಿಯ ಬೀಜವನ್ನೇ ತಿಂದು ಬದುಕುತ್ತದೆ. ಆ ವಿಷವನ್ನು ಒಡೆದು ಅದರ ಸಾರಜನಕವನ್ನೂ ಬಳಸಿಕೊಳ್ಳುತ್ತದೆ. ಆಫ್ರಿಕಾದ ಜಾಂಬಿಯಾ, ಮಲಾವಿಗಳಲ್ಲಿ ಸತ್ವ ಕಳೆದುಕೊಂಡ ಹೊಲಕ್ಕೆ ನಮ್ಮ ಅಗಸೆಯ ಹತ್ತಿರದ ಬಂಧು ಸೆಸ್ಬೇನಿಯಾ ಸೆಸ್ಬಾನ್ ನೆಟ್ಟರೆ, ಮೀಸೋಪ್ಲಾಟಿಸ್ ಎಂಬ ಎಲೆ ದುಂಬಿ ಸಸಿಗಳನ್ನು ಬೋಳು ಮಾಡುತ್ತದೆ. ಅಲ್ಲಿ ದುಂಬಿಯ ಜೊತೆಗೆ ಅದರ ಮರಿಯೂ ಎಲೆಯನ್ನೇ ತಿನ್ನುತ್ತದೆ. ನಮ್ಮ ಗೊಣ್ಣೆ ಹುಳುವಿನಲ್ಲಿ ಎಲೆ ದುಂಬಿಗೆ, ಬೇರು ಮರಿಗೆ. ಹಾಗಾಗಿ ಆಫ್ರಿಕಾದ ಸಲಹೆ ನಮಗೆ ನೇರವಾಗಿ ಹೊಂದುವುದಿಲ್ಲ.

ಗೊಬ್ಬರದ ಗಿಡವನ್ನು ಮುಟ್ಟದಿರಲು ಮೂರು ಕಾರಣ ಇರಬಹುದು

ಕೀಟಶಾಸ್ತ್ರದಲ್ಲಿ ಸಸ್ಯದ ನಿರೋಧಕ ಗುಣವನ್ನು ಮೂರು ಬಗೆಯಾಗಿ ನೋಡುತ್ತಾರೆ. ಬೇರೆ ಏನನ್ನು ಮರೆತರೂ ಈ ವ್ಯತ್ಯಾಸವನ್ನು ಮರೆಯಬೇಡಿ, ಪಕ್ಕದ ಜಮೀನಿನವರ ಸಲಹೆ ಎಡವುವುದು ಇಲ್ಲೇ.

ಒಂದು, ಹುಳುವಿಗೆ ಆ ಎಲೆ ಇಷ್ಟವಿಲ್ಲ. ವಾಸನೆ, ರೋಮ, ಒರಟುತನ ಯಾವುದೋ ಹಿಡಿಸುವುದಿಲ್ಲ, ಪಕ್ಕದಲ್ಲಿ ಬೇರೆ ಸಿಕ್ಕಿತು, ಅತ್ತ ಹೋಯಿತು. ಎರಡು, ತಿಂದರೆ ಹುಳುವಿಗೆ ನಿಜವಾಗಿ ಕೆಡುಕು. ಬೆಳವಣಿಗೆ ಕುಂಠಿತವಾಗುತ್ತದೆ, ಮೊಟ್ಟೆ ಕಡಿಮೆಯಾಗುತ್ತದೆ, ಅಥವಾ ಸಾಯುತ್ತದೆ. ಮೂರು, ತಾಳಿಕೆ. ಹುಳು ತಿನ್ನುತ್ತದೆ, ಮರ ಲೆಕ್ಕಿಸದೆ ಮತ್ತೆ ಚಿಗುರುತ್ತದೆ.

ಹೊಲದಲ್ಲಿ ನಿಂತು ನೋಡಿದರೆ ಮೊದಲನೆಯದಕ್ಕೂ ಎರಡನೆಯದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ, ಎರಡರಲ್ಲೂ ಎಲೆ ಹಾಗೇ ಇರುತ್ತದೆ. ಆದರೆ ಮೊದಲನೆಯ ಕಾರಣಕ್ಕೆ ಉಳಿದ ಮರವನ್ನು ಇಡೀ ಬದುವಿಗೆ ಹಾಕಿ, ಹುಳುವಿಗೆ ಇಷ್ಟವಾದದ್ದನ್ನೆಲ್ಲ ಕಿತ್ತರೆ ಏನಾಗುತ್ತದೆ? ಹಸಿದ ದುಂಬಿ ಇಷ್ಟವಿಲ್ಲದ್ದನ್ನೂ ತಿನ್ನುತ್ತದೆ. ಅದೂ ಬೇಡವಾದರೆ ನಿಮ್ಮ ಹಿಪ್ಪುನೇರಳೆಯನ್ನು ಹುಡುಕಿಕೊಳ್ಳುತ್ತದೆ. ನಿಮ್ಮ ನಾಲ್ಕು ಬೇವು ಬದುವಿನಲ್ಲಿ ಇರುವುದರಿಂದಲೇ ಗೊಬ್ಬರದ ಗಿಡ ಉಳಿದಿರಬಹುದು.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು, ಖರ್ಚಿಲ್ಲ. ರಾತ್ರಿ ಬೇವಿನಿಂದ 25–30 ದುಂಬಿ ಹಿಡಿದು ಗಾಳಿಯಾಡುವ ಡಬ್ಬಿಯಲ್ಲಿ ಒದ್ದೆ ಮಣ್ಣು ಹಾಕಿ ಒಂದು ದಿನ ಉಪವಾಸ ಇಡಿ. ಮುಚ್ಚಳಕ್ಕೆ ತೂತು ಮಾಡಿದ ಐದು ಪ್ಲಾಸ್ಟಿಕ್ ಡಬ್ಬಿ ಬೇಕು, ತಳಕ್ಕೆ ಎರಡು ಬೆರಳು ಒದ್ದೆ ಮಣ್ಣು. ಒಂದನೆಯದಕ್ಕೆ ಬೇವು, ಅಗಸೆ, ಸುಬಾಬುಲ್, ಗೊಬ್ಬರದ ಗಿಡ ನಾಲ್ಕೂ ಸೊಪ್ಪು ಒಟ್ಟಿಗೆ. ಎರಡನೆಯದಕ್ಕೆ ಗೊಬ್ಬರದ ಗಿಡ ಮಾತ್ರ. ಮೂರನೆಯದಕ್ಕೆ ಸುಬಾಬುಲ್ ಮಾತ್ರ, ನಾಲ್ಕನೆಯದಕ್ಕೆ ಅಗಸೆ ಮಾತ್ರ. ಐದನೆಯದಕ್ಕೆ ನಾಲ್ಕೂ ಸೊಪ್ಪು ಹಾಕಿ ದುಂಬಿ ಬಿಡಬೇಡಿ. ಎಲೆ ತಾನಾಗಿ ಎಷ್ಟು ಬಾಡಿ ಸುರುಟುತ್ತದೆ ಎಂದು ತಿಳಿಯಲು ಅದು ಬೇಕು, ಇಲ್ಲದಿದ್ದರೆ ಬಾಡಿದ್ದನ್ನೂ ತಿಂದದ್ದೆಂದು ಎಣಿಸುತ್ತೀರಿ. ಉಳಿದ ನಾಲ್ಕಕ್ಕೂ ಆರಾರು ದುಂಬಿ ಬಿಡಿ. ಎಲೆ ಒಂದೇ ವಯಸ್ಸಿನದಾಗಿರಲಿ, ತುದಿಯಿಂದ ಮೂರನೆಯದೋ ನಾಲ್ಕನೆಯದೋ. ತೊಟ್ಟಿಗೆ ಒದ್ದೆ ಹತ್ತಿ ಸುತ್ತಿ. ಇಡುವ ಮುಂಚೆ ಚೌಕುಳಿ ಹಾಳೆಯ ಮೇಲೆ ಎಲೆಯ ಅಂಚು ಗೀಚಿಕೊಳ್ಳಿ, ಬೆಳಿಗ್ಗೆ ಮತ್ತೆ ಅದೇ ಹಾಳೆಯ ಮೇಲೆ ಇಟ್ಟು ಎಷ್ಟು ಚೌಕ ಹೋಗಿವೆ ಎಣಿಸಿ. ಪ್ರತಿದಿನ ಹೊಸ ಎಲೆ ಹಾಕಿ ಮೂರು ರಾತ್ರಿ ಮಾಡಿ.

ನಾಲ್ಕೂ ಇದ್ದಾಗ ಮುಟ್ಟದ ಗೊಬ್ಬರದ ಗಿಡವನ್ನು ಒಂಟಿಯಾಗಿ ಕೊಟ್ಟಾಗ ತಿಂದರೆ ಅದು ಬರೀ ಒಲ್ಲದ ಎಲೆ. ಒಂಟಿಯಾಗಿ ಕೊಟ್ಟಾಗಲೂ ಮೂರು ರಾತ್ರಿ ಮುಟ್ಟದಿದ್ದರೆ ಅದರ ರಕ್ಷಣೆ ಗಟ್ಟಿ, ಈ ದುಂಬಿಯ ಮಟ್ಟಿಗೆ. ‘ಈ ದುಂಬಿಯ ಮಟ್ಟಿಗೆ’ ಎಂಬುದನ್ನು ಮರೆಯಬೇಡಿ, ಇನ್ನೊಂದು ಹುಳುವಿಗೆ ಫಲಿತಾಂಶ ತಿರುಗುಮುರುಗಾಗಬಹುದು. ಬೇಸಿಗೆಯಲ್ಲಿ ಗೊಬ್ಬರದ ಗಿಡದ ಚಿಗುರಿಗೆ ಕಪ್ಪು ಹೇನು ಹತ್ತಿ, ಎಲೆಯೆಲ್ಲ ಅಂಟಂಟಾಗಿ ಮಸಿ ಕಟ್ಟಿರುವುದನ್ನು ನೀವೂ ನೋಡಿರುತ್ತೀರಿ. ಕೂಮರಿನ್ ಅದನ್ನು ತಡೆಯಲಿಲ್ಲ.

ಒಂದೇ ಮರ ಹಾಕಿದರೆ ಏನು ತಪ್ಪು?

ಸುಬಾಬುಲ್ ಕಥೆಯನ್ನೇ ನೋಡಿ. ಮೆಕ್ಸಿಕೊ ಕಡೆಯ ಮರ. ಎಪ್ಪತ್ತು–ಎಂಬತ್ತರ ದಶಕದಲ್ಲಿ ಪವಾಡದ ಮರವೆಂದು ಏಷ್ಯಾದಲ್ಲೆಲ್ಲ ಹರಡಿದರು, ಹುಳುವಿಲ್ಲ ರೋಗವಿಲ್ಲ ಎಂದರು. ಹುಳು ಬರದಿರಲು ಒಂದು ಕಾರಣ, ಅದರ ತವರಿನ ಹುಳು ಇನ್ನೂ ಹಿಂದೆ ಬಂದಿರಲಿಲ್ಲ. 1984ರಲ್ಲಿ ಹವಾಯಿಯಲ್ಲಿ ಕಾಣಿಸಿದ ಸಣ್ಣ ರಸ ಹೀರುವ ಜಿಗಿಹೇನು ಪೆಸಿಫಿಕ್ ದ್ವೀಪಗಳನ್ನು ದಾಟಿ 1988ರ ಹೊತ್ತಿಗೆ ದಕ್ಷಿಣ ಭಾರತ ತಲುಪಿತು. ಎಲ್ಲೆಡೆ ನೆಟ್ಟಿದ್ದು ಹೆಚ್ಚು ಕಡಿಮೆ ಒಂದೇ ವಂಶದ ತಳಿಗಳಾದ್ದರಿಂದ ಒಂದು ಸೋತ ಕಡೆ ಎಲ್ಲವೂ ಸೋತವು. ಆ ಹೇನನ್ನು ತಿನ್ನಲೆಂದು ಅದೇ ವರ್ಷ ಥಾಯ್ಲೆಂಡಿನಿಂದ ಕ್ಯುರಿನಸ್ ಎಂಬ ನೀಲಿ ಹೊಳಪಿನ ಗುಲಗಂಜಿ ದುಂಬಿಯನ್ನು ತರಿಸಿ ಬೆಂಗಳೂರಿನ ಸುತ್ತ ಬಿಟ್ಟರು. ನಿಮ್ಮ ಸುಬಾಬುಲ್ ಮೇಲೆ ಕಡುನೀಲಿ, ಗುಂಡನೆಯ ಪುಟ್ಟ ದುಂಬಿ ಕಂಡರೆ ಕೊಲ್ಲಬೇಡಿ, ಅದು ಎಲೆ ತಿನ್ನುವುದಿಲ್ಲ, ಹೇನು ತಿನ್ನುತ್ತದೆ.

ಗೊಬ್ಬರದ ಗಿಡವೂ ಮೆಕ್ಸಿಕೊ–ಮಧ್ಯ ಅಮೆರಿಕದ್ದೇ. ಅದೂ ಸಾಲದೆಂಬಂತೆ ನಾವು ಅದನ್ನು ಕಡ್ಡಿ ನೆಟ್ಟು ಬೆಳೆಸುತ್ತೇವೆ. ಒಂದೇ ಮರದ ಕಡ್ಡಿಯಿಂದ ಇಡೀ ಊರಿನ ಬದು ತುಂಬಿದರೆ, ಅವೆಲ್ಲ ಲೆಕ್ಕಕ್ಕೆ ಒಂದೇ ಮರ. ಹೆಚ್ಚಿಸುವುದಾದರೆ ಅರ್ಧದಷ್ಟನ್ನಾದರೂ ಬೀಜದಿಂದ ಬೆಳೆಸಿ, ಬೀಜವನ್ನು ಐದಾರು ಬೇರೆ ಬೇರೆ ಕಡೆಯ ಮರಗಳಿಂದ ತನ್ನಿ. ಬೀಜದ ಗಿಡಕ್ಕೆ ತಾಯಿಬೇರು ಆಳಕ್ಕೆ ಹೋಗುವ ಲಾಭವೂ ಉಂಟು, ಕಾಲುವೆ ನೀರು ತಡವಾದ ವರ್ಷ ಅದು ಗೊತ್ತಾಗುತ್ತದೆ. ಬದುವಿನಲ್ಲಿ ಹತ್ತು ಮರವಿದ್ದರೆ ಐದು ಗೊಬ್ಬರದ ಗಿಡ, ಎರಡು ಅಗಸೆ, ಎರಡು ಸುಬಾಬುಲ್, ಒಂದು ಹೊಂಗೆ ಅಥವಾ ಬೇವು ಇರಲಿ. ಒಂದೇ ಜಾತಿಯನ್ನು ಸಾಲಾಗಿ ನೆಡದೆ ಬೆರೆಸಿ ನೆಡಿ.

ಇನ್ನು ‘ದುಂಬಿ ತಿನ್ನದ ತಳಿ’. ಟ್ಯಾನಿನ್ ಹೆಚ್ಚಿರುವ, ದಪ್ಪ ಎಲೆಯ ಮರಗಳು ಹುಳುವಿಗೆ ಕಡಿಮೆ ಸಿಗುತ್ತವೆ ನಿಜ. ಆದರೆ ಹುಳುವಿನ ಹೊಟ್ಟೆಯಲ್ಲಿ ಕರಗದ ಎಲೆ ಕುರಿಯ ಹೊಟ್ಟೆಯಲ್ಲೂ ನಿಧಾನವಾಗಿ ಕರಗುತ್ತದೆ, ಗದ್ದೆಯ ಕೆಸರಿನಲ್ಲೂ ನಿಧಾನವಾಗಿ ಕೊಳೆಯುತ್ತದೆ. ಗೊಬ್ಬರದ ಗಿಡದ ಸೊಪ್ಪು ತುಳಿಸಿದರೆ ಎರಡು ಮೂರು ವಾರಕ್ಕೆ ಮಣ್ಣು ಸೇರುತ್ತದೆ. ಒಗರು ಸೊಪ್ಪು ನಾಟಿ ಮುಗಿದ ಮೇಲೂ ಕಾಲಿಗೆ ಸಿಗುತ್ತಿರುತ್ತದೆ. ಒಂದು ಪೈಸೆ ಹುಳು ಹಿಡಿಯದ ಮರ ಬೇಕೆಂದರೆ ಸೊಪ್ಪಿಗೂ ಮೇವಿಗೂ ಬಾರದ ಮರ ಸಿಗುತ್ತದೆ. ನಿಮಗೆ ಬೇಕಿರುವುದು ತಾಳಿಕೆಯಿರುವ ಮರ. ಅಗಸೆ ಒಂದನ್ನು ಬಿಟ್ಟು ನಿಮ್ಮ ಬದುವಿನ ಎಲ್ಲಕ್ಕೂ ಅದು ಧಾರಾಳವಾಗಿದೆ. ಎರಡು ವರ್ಷ ದಾಟಿದ ಗೊಬ್ಬರದ ಗಿಡ, ಸುಬಾಬುಲ್, ಬೇವು ಒಂದು ಸಲ ಪೂರ್ತಿ ಬೋಳಾದರೂ ಮಳೆಗಾಲದಲ್ಲಿ ತಿಂಗಳೊಳಗೆ ಚಿಗುರುತ್ತವೆ. ನೀವೇ ವರ್ಷಕ್ಕೆ ಎರಡು ಮೂರು ಸಲ ಕತ್ತರಿಸಿ ಬೋಳು ಮಾಡುತ್ತಿಲ್ಲವೇ?

ಕೊಯ್ಲಿನ ಹೊತ್ತು

ಮರಕ್ಕಿಂತ ಹೆಚ್ಚು ಫಲ ಕೊಡುವುದು ಕೊಯ್ಲಿನ ವೇಳೆ ಬದಲಿಸುವುದು. ಇದಕ್ಕೆ ಮಾತ್ರ ಯಾರೂ ಗಮನ ಕೊಡುವುದಿಲ್ಲ. ಎಳೆ ಚಿಗುರು ಮೆತ್ತಗೆ, ನೀರು ಹೆಚ್ಚು, ಸಾರಜನಕ ಹೆಚ್ಚು. ಬಲಿತ ಎಲೆಯಲ್ಲಿ ನಾರು ಕಟ್ಟಿರುತ್ತದೆ, ದುಂಬಿ ಕಚ್ಚಲು ಕಷ್ಟ, ಕಚ್ಚಿದರೂ ಸಿಗುವುದು ಕಡಿಮೆ. ಮಾರ್ಚಿ ಕೊನೆ, ಏಪ್ರಿಲ್‌ನಲ್ಲಿ ಸೊಪ್ಪು ಕೊಯ್ದರೆ ಹೊಸ ಚಿಗುರು ಸರಿಯಾಗಿ ಭರಣಿ–ಕೃತ್ತಿಕೆ ಮಳೆಗೆ ಬರುತ್ತದೆ. ದುಂಬಿ ನೆಲದಿಂದ ಏಳುವುದೂ ಆಗಲೇ. ಉಣ್ಣುವವರು ಬರುವ ಹೊತ್ತಿಗೆ ಎಲೆ ಹಾಕಿಟ್ಟ ಹಾಗೆ.

ಆದ್ದರಿಂದ ಬೇಸಿಗೆಯ ಕೊಯ್ಲನ್ನು ಜನವರಿ ಕೊನೆ, ಫೆಬ್ರವರಿ ಮೊದಲ ವಾರಕ್ಕೆ ಮುಗಿಸಿ. ಮೇ ಹೊತ್ತಿಗೆ ಎಲೆ ಬಲಿತಿರುತ್ತದೆ. ಮುಂದಿನ ಕೊಯ್ಲು ದುಂಬಿಯ ಹಾರಾಟ ತಗ್ಗಿದ ಮೇಲೆ, ಜುಲೈಯಲ್ಲಿ ಕಾಲುವೆ ನೀರು ಬಿಟ್ಟು ಗದ್ದೆ ಕೆಸರು ಮಾಡುವಾಗ, ನಾಟಿಗೆ ಎರಡು ಮೂರು ವಾರ ಮುಂಚೆ. ಏಪ್ರಿಲ್‌ನಲ್ಲಿ ಕುರಿಗೆ ಮೇವು ಬೇಕೇ ಬೇಕು ಎಂದರೆ ಎಲ್ಲ ಮರ ಬೋಳಿಸದೆ ಒಂದು ಬಿಟ್ಟು ಒಂದನ್ನು ಕೊಯ್ಯಿರಿ. ಕೊಯ್ಯುವಾಗ ನೆಲದಿಂದ ಮೊಳಕಾಲು ಮಟ್ಟಕ್ಕೆ ಇಳಿಸದೆ ಎದೆಮಟ್ಟಕ್ಕೆ, ಒಂದು ಮೀಟರಿಗಿಂತ ಮೇಲೆ ಕೊಯ್ದು ಎರಡು ಮೂರು ಎಲೆಕೊಂಬೆ ಉಳಿಸಿದರೆ ಮರುಚಿಗುರು ಬೇಗ ಬರುತ್ತದೆ. ಅಗಸೆಗೆ ಇದು ಕಡ್ಡಾಯ, ಅದನ್ನು ಕೆಳಮಟ್ಟಕ್ಕೆ ಬೋಳಿಸಿದರೆ ಹುಳುವಿಲ್ಲದೆಯೂ ಸಾಯುತ್ತದೆ.

ಹೊಸ ಸಸಿಯನ್ನು ಮೇ ತಿಂಗಳಲ್ಲಿ ನೆಡಬೇಡಿ. ಆರು ಎಲೆಯ ಸಸಿಯಲ್ಲಿ ಐದು ಹೋದರೆ ತಾಳಿಕೆ ಎಂಬ ಮಾತೇ ಇಲ್ಲ. ಜುಲೈ–ಆಗಸ್ಟ್‌ನಲ್ಲಿ ನೆಟ್ಟು, ಮುಂದಿನ ಮೇ ತಿಂಗಳಲ್ಲಿ ಮೂರು ನಾಲ್ಕು ವಾರ ಹಳೆಯ ಸೊಳ್ಳೆಪರದೆ ಹೊದಿಸಿ. ಅಂಚನ್ನು ಮಣ್ಣಿನಿಂದ ಮುಚ್ಚುವ ಮುನ್ನ ಒಳಗಿನ ಮಣ್ಣನ್ನು ಗೆದಕಿ ನೋಡಿ, ದುಂಬಿ ಒಳಗೇ ಇದ್ದರೆ ಪರದೆ ಅದಕ್ಕೇ ರಕ್ಷಣೆ.

ಬೇವನ್ನು ಬಲೆಯಾಗಿ ಬಳಸಿ

ಈಗ ಆ ಅರ್ಧ ನಿಜ. ದುಂಬಿ ಬದುವಿನ ಮರದಲ್ಲಿ ಉಂಡು, ಕಬ್ಬಿನ ಮಣ್ಣಿನಲ್ಲಿ ಮೊಟ್ಟೆಯಿಡುತ್ತದೆ ಎಂಬುದು ಸರಿ. ಹತ್ತು ದಿನಕ್ಕೆ ಮೊಟ್ಟೆಯೊಡೆದು, ಆಗಸ್ಟ್–ಅಕ್ಟೋಬರ್‌ನಲ್ಲಿ ದಪ್ಪನೆಯ ಮರಿ ಬೇರು ಕಡಿದು ಕಬ್ಬಿನ ಬುಡ ಸಡಿಲ ಮಾಡುತ್ತದೆ. ಆದರೆ ಮರ ಕಡಿದರೆ ದುಂಬಿ ಹೋಗುವುದಿಲ್ಲ. ರೆಕ್ಕೆಯಿರುವ ಹುಳು, ಪಕ್ಕದವರ ಮರದಲ್ಲಿ ಉಂಡು ನಿಮ್ಮ ಕಬ್ಬಿಗೆ ಬರುತ್ತದೆ. ಮರ ಇದ್ದರೆ ಅದು ಎಲ್ಲಿ ಸೇರುತ್ತದೆಂದು ನಿಮಗೆ ಮೊದಲೇ ಗೊತ್ತಿರುತ್ತದೆ.

ಹದ ಮಳೆ ಬಿದ್ದ ಸಂಜೆಯಿಂದ ನಾಲ್ಕು ರಾತ್ರಿ, ಬೇವಿನ ಕೆಳಗೆ ಹಳೆ ಸೀರೆಯೋ ಟಾರ್ಪಾಲೋ ಹಾಸಿ, ಎಂಟು ಗಂಟೆ ಹೊತ್ತಿಗೆ ಕೊಂಬೆ ಜೋರಾಗಿ ಅಲ್ಲಾಡಿಸಿ. ಬಿದ್ದದ್ದನ್ನು ಸೀಮೆಎಣ್ಣೆ ಇಲ್ಲವೇ ಸೋಪಿನ ನೀರಿನ ಬಕೆಟ್ಟಿಗೆ ಸುರಿಯಿರಿ. ಬೇವು ದೂರವಿದ್ದರೆ ನಾಲ್ಕೈದು ಅಡಿ ಉದ್ದದ ಬೇವಿನ ಕೊಂಬೆಗಳನ್ನು ಕಬ್ಬಿನ ಅಂಚಿನಲ್ಲಿ ಸಂಜೆ ನೆಟ್ಟು, ರಾತ್ರಿ ಕೊಡವಿಕೊಳ್ಳಿ. ಮುಂದಿನ ಹದ ಮಳೆಗೆ ಮತ್ತೆ ಇದೇ, ಜೂನ್ ನಡುವಿನ ತನಕ. ಹೆಣ್ಣು ಮೊಟ್ಟೆಯಿಡುವ ಮುಂಚಿನ ದಿನಗಳೇ ಮುಖ್ಯ, ವಾರ ಕಳೆದು ಹಿಡಿದರೆ ಬಕೆಟ್ ತುಂಬಿದರೂ ಕಬ್ಬಿಗೆ ಲಾಭವಿಲ್ಲ. ಒಬ್ಬರೇ ಮಾಡಿದರೆ ಫಲ ಅಷ್ಟಕ್ಕಷ್ಟೆ. ಒಂದು ತೂಬಿನ ಕೆಳಗಿನ ಜಮೀನಿನವರೆಲ್ಲ ಅದೇ ನಾಲ್ಕು ರಾತ್ರಿ ಹಿಡಿದರೆ ಎರಡು ಮೂರು ವರ್ಷದಲ್ಲಿ ವ್ಯತ್ಯಾಸ ಕಾಣುತ್ತದೆ. ಪಕ್ಕದ ಜಮೀನಿನವರನ್ನು ಒಪ್ಪಿಸಬೇಕಾದ್ದು ಇದಕ್ಕೆ.

ತಿಪ್ಪೆಯಲ್ಲಿ ಸಿಗುವ ಹೆಬ್ಬೆರಳು ಗಾತ್ರದ ಬಿಳಿ ಮರಿಯನ್ನು ಗೊಣ್ಣೆ ಹುಳುವೆಂದು ಹೆದರಿ ಗೊಬ್ಬರ ಹಾಕುವುದನ್ನೇ ಬಿಟ್ಟವರಿದ್ದಾರೆ. ಅದು ತೆಂಗಿನ ಸುಳಿ ಕೊರೆಯುವ ಕುರುವಾಯಿ ಕೀಟದ ಮರಿ. ಕಬ್ಬಿನ ಬೇರಿಗೆ ಅದರಿಂದ ತೊಂದರೆಯಿಲ್ಲ, ತೆಂಗಿಗೆ ಉಂಟು. ಹೆಕ್ಕಿ ಕೋಳಿಗೆ ಹಾಕಿ.

ಔಷಧಿ ಅಂಗಡಿಯಲ್ಲಿ ಕೇಳಬೇಡಿ, ಕೊಂಡರೂ ರೇಷ್ಮೆಮನೆಯ ಹತ್ತಿರ ತರಬೇಡಿ

ಬದುವಿನ ಮರಕ್ಕೆ ಹೊಡೆದ ಕೀಟನಾಶಕದ ಹನಿ ಗಾಳಿಗೆ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದರೆ ರೇಷ್ಮೆಹುಳು ಒಂದು ಜ್ವರವನ್ನೂ (ಪೊರೆ ಬಿಡುವ ಹಂತ) ದಾಟುವುದಿಲ್ಲ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿರುವುದು, ‘ಜೈವಿಕ, ಏನೂ ಆಗಲ್ಲ’ ಎಂದು ಮಾರುವ ಪೊಟ್ಟಣಗಳ ವಿಷಯ. ಅಗಸೆಯ ಕಂಬಳಿಹುಳುವಿಗೆಂದು ಕೊಡುವ ಬಿ.ಟಿ. ಪುಡಿ (ಹುಳು ಕೊಲ್ಲುವ ಒಂದು ಬ್ಯಾಕ್ಟೀರಿಯಾದಿಂದ ಮಾಡಿದ್ದು) ಚಿಟ್ಟೆ–ಪತಂಗದ ಮರಿಗಳನ್ನು ಕೊಲ್ಲುತ್ತದೆ, ರೇಷ್ಮೆಹುಳುವೂ ಪತಂಗದ ಮರಿಯೇ. ಗೊಣ್ಣೆ ಹುಳುವಿಗೆ ಮಣ್ಣಿಗೆ ಹಾಕುವ ಮೆಟಾರೈಜಿಯಂ, ಬ್ಯುವೇರಿಯಾ ಶಿಲೀಂಧ್ರಗಳು ರೇಷ್ಮೆಹುಳುವಿಗೆ ಸುಣ್ಣಕಟ್ಟು ರೋಗ ತರುವ ಗುಂಪಿನವೇ. ಕಬ್ಬಿಗೆ ಮೆಟಾರೈಜಿಯಂ ಹಾಕಬಾರದೆಂದಲ್ಲ, ಅದು ಒಳ್ಳೆಯ ಉಪಾಯವೇ. ಪೊಟ್ಟಣದ ಮೇಲಿನ ಪ್ರಮಾಣ ನೋಡಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ಜೂನ್–ಜುಲೈಯಲ್ಲಿ ಮರಿ ಸಣ್ಣದಿರುವಾಗ, ತೇವ ಇರುವ ಮಣ್ಣಿಗೆ ಕಬ್ಬಿನ ಬುಡದಲ್ಲಿ ಹಾಕಿ ಮಣ್ಣು ಮುಚ್ಚಿ. ಒಣ ಮಣ್ಣಿಗೆ, ಬಿಸಿಲಿಗೆ ಹಾಕಿದರೆ ದುಡ್ಡು ದಂಡ. ಹಿಪ್ಪುನೇರಳೆ ಪಟ್ಟೆಯಿಂದ ದೂರವಿರಲಿ. ಹಾಕಿದವರು ಸ್ನಾನ ಮಾಡಿ ಬಟ್ಟೆ ಬದಲಿಸದೆ ರೇಷ್ಮೆಮನೆಗೆ ಕಾಲಿಡಬಾರದು. ಪೊಟ್ಟಣವನ್ನು ಅಲ್ಲಿ ಇಡಲೂಬಾರದು.

ಬೇವಿನೆಣ್ಣೆ ಹೊಡೆಯಲೇ ಎಂದು ಕೇಳುವವರುಂಟು. ಬೇವಿನ ಸೊಪ್ಪನ್ನೇ ಮೇಯುವ ದುಂಬಿಯ ಮೇಲೆ ಅದರಿಂದ ಹೆಚ್ಚೇನೂ ನಿರೀಕ್ಷಿಸಬೇಡಿ.

ಸೊಪ್ಪು ಕುರಿಗೆ ಹಾಕುವಾಗ ಒಂದು ಮಾತು. ಹುಳುವನ್ನು ದೂರವಿಡುವ ಅದೇ ಸಾರಗಳು ಕುರಿಯ ಹೊಟ್ಟೆಗೂ ಹೋಗುತ್ತವೆ. ಸುಬಾಬುಲ್ ಸೊಪ್ಪು ಒಟ್ಟು ಮೇವಿನ ಮೂರರಲ್ಲಿ ಒಂದು ಪಾಲು ಮೀರಬಾರದು, ಮೀರಿದರೆ ಕೂದಲು ಉದುರುತ್ತದೆ, ಗಂಟಲು ಬಾಯುತ್ತದೆ. ಗೊಬ್ಬರದ ಗಿಡದ ಸೊಪ್ಪಿನ ವಾಸನೆಗೆ ಕುರಿ ಮೊದಲು ಮೂತಿ ತಿರುಗಿಸುತ್ತದೆ. ಕೆಲವು ಗಂಟೆ ಬಾಡಿಸಿ ರಾಗಿ ಹುಲ್ಲಿನ ಜೊತೆ ಸ್ವಲ್ಪ ಸ್ವಲ್ಪ ಕೊಟ್ಟು ಅಭ್ಯಾಸ ಮಾಡಿಸಿ. ರಾಶಿ ಹಾಕಿ ಬೂಷ್ಟು ಹಿಡಿದದ್ದನ್ನು ಮಾತ್ರ ಎಂದೂ ಕೊಡಬೇಡಿ. ಬೂಷ್ಟು ಹಿಡಿದಾಗ ಕೂಮರಿನ್ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತುವಾಗಿ ಬದಲಾಗುತ್ತದೆ.

ಕೊನೆಯದಾಗಿ, ಅಗಸೆಯ ಎಲೆಗಿಂತ ಕಾಂಡವನ್ನು ನೋಡಿ. ಕಾಂಡದಲ್ಲೋ ಕೊಂಬೆಯಲ್ಲೋ ಗಂಟು ಕಟ್ಟಿದಂತೆ ಉಬ್ಬಿದ್ದರೆ ಒಳಗೆ ಮೂತಿ ಹುಳುವಿನ ಮರಿ ಕೊರೆಯುತ್ತಿದೆ ಎಂದರ್ಥ. ಎಲೆ ಹೋದ ಅಗಸೆ ಚಿಗುರಬಹುದು, ಕಾಂಡ ಟೊಳ್ಳಾದದ್ದು ಗಾಳಿಗೆ ಮುರಿಯುತ್ತದೆ. ಉಬ್ಬಿನ ಕೆಳಗೆ ಒಂದು ಗೇಣು ಬಿಟ್ಟು ಕತ್ತರಿಸಿ, ಕತ್ತರಿಸಿದ್ದನ್ನು ಬದುವಿನಲ್ಲಿ ಬಿಡದೆ ಅದೇ ದಿನ ಒಲೆಗೆ ಹಾಕಿ. ಬುಡದಲ್ಲೇ ಉಬ್ಬಿದ್ದರೆ ಆ ಮರ ತೆಗೆದು, ಆಗಸ್ಟ್‌ನಲ್ಲಿ ಆ ಜಾಗಕ್ಕೆ ಬೇರೆ ಜಾತಿಯದನ್ನು ನೆಡಿ.